ಒಂದು ಸಲಕ್ಕೆ ಒಂದೇ ಸ್ವರ: ಇಸಾವೊ ತೊಮಿತ ಕಟ್ಟಿದ ವಾದ್ಯವೃಂದ

ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯಲ್ಲಿ 1957ರಿಂದ ನಡೆದುಕೊಂಡು ಬಂದಿರುವ ಅಡುಗೆ ಕಾರ್ಯಕ್ರಮ ಒಂದಿದೆ. ಹೆಸರು ‘ಕ್ಯೋ ನೊ ರ್ಯೋರಿ’, ಅಂದರೆ ‘ಇವತ್ತಿನ ಅಡುಗೆ’. ಅದರ ಶುರುವಿಗೆ ಬರುವ ಪುಟ್ಟ ಧಾಟಿ ಮರದ ಪಟ್ಟಿಗಳ ಮೇಲೆ ಟಕಟಕ ಓಡುತ್ತದೆ, ಯಾರೋ ಮಣೆಯ ಮೇಲೆ ಸೌತೆಕಾಯಿ ಹೆಚ್ಚುತ್ತಿದ್ದ ಹಾಗೆ. ಅಲ್ಲಿನ ಎರಡು ಮೂರು ತಲೆಮಾರು ಈ ಧಾಟಿ ಕೇಳಿಕೊಂಡೇ ಒಲೆ ಹಚ್ಚಿದೆ. ಅದನ್ನು ಕಟ್ಟಿದವನಿಗೆ ಆಗ ಇಪ್ಪತ್ತೈದು ವರ್ಷ. ಮುಂದೆ ಫ್ರಾನ್ಸಿನ ಸಂಗೀತಕಾರ ಡೆಬ್ಯುಸಿಯ ಪಿಯಾನೊ ಕೃತಿಗಳನ್ನು ವಿದ್ಯುತ್ತಿನಿಂದ ಮತ್ತೆ ಹುಟ್ಟಿಸಿ ಅಮೆರಿಕದಲ್ಲಿ ಹೆಸರು ಮಾಡಿದ ಇಸಾವೊ ತೊಮಿತ ಇದೇ ಮನುಷ್ಯ.

ಎಲೆಕ್ಟ್ರಾನಿಕ್ ಸಂಗೀತದ ಆದ್ಯರು ಎಂದಕೂಡಲೇ ನಮ್ಮ ಕಣ್ಣಿಗೆ ಪ್ರಯೋಗಾಲಯದ ಬಿಳಿ ಅಂಗಿ ತೊಟ್ಟವರು ಬರುತ್ತಾರೆ. ತೊಮಿತ ಆ ಬಗೆಯಲ್ಲ. ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಸಿಂಥಸೈಜರ್ ಎಂಬ ಯಂತ್ರ ಮುಟ್ಟುವ ಹೊತ್ತಿಗೆ ಆತ ನಲವತ್ತರ ಹತ್ತಿರ ಬಂದಿದ್ದ, ಹೊಟ್ಟೆಪಾಡಿಗೆ ವಾದ್ಯವೃಂದಕ್ಕೆ ಬರೆಯುವ ಕಸುಬುದಾರನಾಗಿದ್ದ. ಯಾವ ಸ್ವರವನ್ನು ಓಬೋಗೆ ಕೊಡಬೇಕು, ಯಾವುದನ್ನು ಚೆಲ್ಲೊಗೆ ಕೊಡಬೇಕು ಎಂಬುದೇ ದಿನದ ಕೆಲಸ. ಆತನ ಸಿಂಥಸೈಜರ್ ಸಂಗೀತ ಬೇರೆಯವರದರಂತೆ ಕೇಳಿಸದಿರುವುದಕ್ಕೆ ಕಾರಣ ಇಲ್ಲೇ ಇದೆ ಎಂದು ನನಗೆ ಅನಿಸುತ್ತದೆ.

ತೊಮಿತ ಹುಟ್ಟಿದ್ದು 1932ರ ಏಪ್ರಿಲ್ 22ರಂದು, ಟೋಕಿಯೊದಲ್ಲಿ. ತಂದೆ ವೈದ್ಯರು. ಅವರ ಕೆಲಸದ ನಿಮಿತ್ತ ಬಾಲ್ಯದ ಕೆಲವು ವರ್ಷ ಚೀನಾದಲ್ಲಿ ಕಳೆಯಿತು. ಬೀಜಿಂಗ್‌ನ ಸ್ವರ್ಗ ದೇವಾಲಯದ ಆವರಣದಲ್ಲಿ ದುಂಡನೆಯ ಒಂದು ಗೋಡೆಯಿದೆ, ಪ್ರತಿಧ್ವನಿಯ ಗೋಡೆ ಎಂದೇ ಅದಕ್ಕೆ ಹೆಸರು. ಒಂದು ಕಡೆ ಗೋಡೆಗೆ ಮುಖವಿಟ್ಟು ಮೆಲ್ಲಗೆ ಮಾತಾಡಿದರೆ ಎಷ್ಟೋ ದೂರದಲ್ಲಿ ಗೋಡೆಗೆ ಕಿವಿಗೊಟ್ಟವನಿಗೆ ಪಕ್ಕದಲ್ಲೇ ಪಿಸುಗುಟ್ಟಿದಂತೆ ಕೇಳುತ್ತದೆ. ಬಿಜಾಪುರದ ಗೋಳಗುಮ್ಮಟದ ಪಿಸುಮಾತಿನ ಮೊಗಸಾಲೆಗೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರಡು ಕಡೆಯೂ ನಡೆಯುವುದು ಒಂದೇ: ಬಾಗಿದ ನುಣುಪು ಗೋಡೆ ಸದ್ದನ್ನು ಚದುರಲು ಬಿಡದೆ, ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ, ತನ್ನ ಮೈಗುಂಟ ಸಾಗಿಸುತ್ತದೆ. ಅಪ್ಪನ ಜೊತೆ ಅಲ್ಲಿಗೆ ಹೋಗಿದ್ದ ಹುಡುಗನಿಗೆ ಆಶ್ಚರ್ಯವಾದದ್ದು ಮಾತು ಕೇಳಿದ್ದಕ್ಕಲ್ಲ, ಅದು ಬಂದ ದಿಕ್ಕಿಗೆ. ಆಡುವವರು ಎಲ್ಲೋ ಇದ್ದಾರೆ, ಮಾತು ಇನ್ನೆಲ್ಲಿಂದಲೋ ಬರುತ್ತಿದೆ. ಸದ್ದಿಗೆ ಒಂದು ಜಾಗವಿದೆ, ಆ ಜಾಗವನ್ನು ಬದಲಿಸಬಹುದು ಎಂಬ ಹುಚ್ಚು ಹತ್ತಿದ್ದು ಅಲ್ಲಿಂದ ಎಂದು ಮುದುಕನಾದ ಮೇಲೂ ತೊಮಿತ ಹೇಳಿಕೊಳ್ಳುತ್ತಿದ್ದ.

ಜಪಾನಿಗೆ ಮರಳಿ ಒಕಾಜಾಕಿ ಊರಲ್ಲಿ ಬೆಳೆದ. ಯುದ್ಧ ಮುಗಿದ ಮೇಲೆ ಅಮೆರಿಕದ ಸೇನೆಯ ರೇಡಿಯೊ ಆ ನಾಡಿಗೆ ಹೊಸ ಸಂಗೀತವನ್ನು ತಂದು ಸುರಿಯಿತು; ಸ್ಟ್ರಾವಿನ್‌ಸ್ಕಿ, ಜಾಝ್ ಎಲ್ಲ ಒಟ್ಟಿಗೆ. ಸಂಗೀತ ಶಾಲೆಗೆ ಸೇರಲಿಲ್ಲ. ಕೇಯೊ ವಿಶ್ವವಿದ್ಯಾಲಯದಲ್ಲಿ ಓದಿದ್ದು ಕಲೆಯ ಇತಿಹಾಸ, ಸ್ವರಸಂಯೋಜನೆ ಕಲಿತದ್ದು ಖಾಸಗಿ ಪಾಠದಲ್ಲಿ. ಕಲೆಯ ಇತಿಹಾಸದ ವಿದ್ಯಾರ್ಥಿ ಎಂಬುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1956ರ ಮೆಲ್ಬರ್ನ್ ಒಲಿಂಪಿಕ್ಸ್‌ಗೆ ಹೊರಟ ಜಪಾನಿನ ಜಿಮ್ನಾಸ್ಟಿಕ್ಸ್ ತಂಡಕ್ಕೆ ಸಂಗೀತ ಬರೆದದ್ದು, ಆಮೇಲೆ ಆ ಅಡುಗೆಯ ಧಾಟಿ, 1963ರಲ್ಲಿ ಎನ್‌ಎಚ್‌ಕೆಯ ವರ್ಷವಿಡೀ ನಡೆಯುವ ಐತಿಹಾಸಿಕ ಧಾರಾವಾಹಿಗಳ ಸಾಲಿನ ಮೊಟ್ಟಮೊದಲನೆಯದಕ್ಕೆ ಸಂಗೀತ. 1965ರಲ್ಲಿ ಕಾಮಿಕ್ಸ್ ಕಲಾವಿದ ಒಸಾಮು ತೆಜುಕಾ ಅವರ ಬಿಳಿ ಸಿಂಹದ ಕಥೆ ಟಿ.ವಿ.ಗೆ ಬಂತು, ಜಪಾನಿನ ಮೊದಲ ಬಣ್ಣದ ಅನಿಮೇಷನ್ ಧಾರಾವಾಹಿ ಅದು. ಮಕ್ಕಳ ಕಾರ್ಟೂನ್‌ಗೆ ತೊಮಿತ ದೊಡ್ಡ ವಾದ್ಯವೃಂದವನ್ನೇ ಕೂರಿಸಿದ. ಹೀಗೆ ವಾರ ವಾರ ಗಡುವಿಗೆ ಬರೆದೂ ಬರೆದೂ ಆತನಿಗೆ ಒಂದು ಬೇಸರ ಹತ್ತಿತು. ವಾದ್ಯವೃಂದದ ಬಣ್ಣಗಳ ಡಬ್ಬಿ ನೂರು ವರ್ಷದಿಂದ ಅದೇ. ಕೊಳಲು, ಪಿಟೀಲು, ಕಹಳೆ, ನಗಾರಿ. ಬೆರಕೆ ಬದಲಾಗುತ್ತದೆ, ಬಣ್ಣ ಬದಲಾಗುವುದಿಲ್ಲ.

1970ರಲ್ಲಿ ಒಸಾಕಾದಲ್ಲಿ ವಿಶ್ವ ಪ್ರದರ್ಶನ ನಡೆಯಿತು. ಅಲ್ಲಿನ ಒಂದು ಮಂಟಪಕ್ಕೆ ಸಂಗೀತ ಮಾಡುವ ಕೆಲಸದಲ್ಲಿದ್ದಾಗ ತೊಮಿತನ ಕಿವಿಗೆ ಬಿದ್ದದ್ದು ಅಮೆರಿಕದ ಸಂಗೀತಗಾರ್ತಿ ವೆಂಡಿ ಕಾರ್ಲೋಸ್ 1968ರಲ್ಲಿ ಹೊರತಂದಿದ್ದ ‘ಸ್ವಿಚ್ಡ್‌ ಆನ್ ಬಾಖ್’ ಧ್ವನಿಮುದ್ರಿಕೆ. ಜರ್ಮನಿಯ ಹಳೆಯ ಸಂಗೀತಕಾರ ಬಾಖ್‌ನ ಕೃತಿಗಳು, ಆದರೆ ನುಡಿಸಿದ್ದು ರಾಬರ್ಟ್ ಮೋಗ್ ಕಟ್ಟಿದ ಸಿಂಥಸೈಜರ್‌ನಲ್ಲಿ. (ಹೆಸರನ್ನು ಇಂಗ್ಲಿಷ್ ಕಾಗುಣಿತದಂತೆ ‘ಮೂಗ್’ ಎಂದು ಓದುವವರು ಬಹಳ. ಮೋಗ್ ಎಂದರೇ ಸರಿ. ಕನ್ನಡದಲ್ಲಂತೂ ಮೂಗಿನ ತಂಟೆ ಬೇಡ.) ತೊಮಿತ ತಡಮಾಡದೆ ಅಮೆರಿಕಕ್ಕೆ ಹೋಗಿ ಅಂಥದೊಂದಕ್ಕೆ ದುಡ್ಡು ಕಟ್ಟಿದ. ಸುಮಾರು ಒಂದು ಕೋಟಿ ಯೆನ್. ಮನೆ ಕೊಳ್ಳುವ ಹಣ.

1971ರಲ್ಲಿ ಯಂತ್ರ ವಿಮಾನದಲ್ಲಿ ಬಂದಿಳಿಯಿತು. ಸುಂಕದವರು ಬಿಡಲಿಲ್ಲ. ಅವರ ತಪ್ಪು ಎನ್ನುವಂತಿಲ್ಲ, ಬೀರುವಿನಂಥ ಪೆಟ್ಟಿಗೆಗಳು, ತುಂಬ ಗುಂಡಿಗಳು, ತೂತುಗಳು, ತೂತಿನಿಂದ ತೂತಿಗೆ ಸಿಕ್ಕಿಸುವ ವಯರುಗಳು. ಹಳೆಯ ಟೆಲಿಫೋನ್ ಎಕ್ಸ್‌ಚೇಂಜೋ ಸೇನೆಯ ಉಪಕರಣವೋ ಎನ್ನುವಂತಿದ್ದ ವಸ್ತುವನ್ನು ತೋರಿಸಿ ‘ಇದು ವಾದ್ಯ’ ಎಂದರೆ ಯಾರು ನಂಬುತ್ತಾರೆ? ವಾದ್ಯವಾದರೆ ನುಡಿಸಿ ತೋರಿಸಿ ಎಂದರು. ತೊಮಿತನಿಗೆ ಆಗಿನ್ನೂ ಅದರಿಂದ ಒಂದು ಸದ್ದು ಹೊರಡಿಸಲೂ ಬರುತ್ತಿರಲಿಲ್ಲ. ಬ್ರಿಟನ್ನಿನ ರಾಕ್ ಸಂಗೀತಗಾರ ಕೀತ್ ಎಮರ್ಸನ್ ವೇದಿಕೆಯ ಮೇಲೆ ಅಂಥದೇ ಯಂತ್ರ ನುಡಿಸುತ್ತಿರುವ ಫೋಟೊ ತರಿಸಿ ತೋರಿಸಬೇಕಾಯಿತು ಎಂದು ಆಮೇಲೆ ನಗುತ್ತ ಹೇಳುತ್ತಿದ್ದ. ಮನೆಗೆ ತಂದ ಮೇಲಿನ ಪಾಡು ಇನ್ನೂ ದೊಡ್ಡದು, ಅದನ್ನು ಹೇಗೆ ಬಳಸಬೇಕೆಂದು ಹೇಳಿಕೊಡುವವರು ಇಡೀ ಜಪಾನಿನಲ್ಲಿ ಯಾರೂ ಇರಲಿಲ್ಲ.

ಆ ಪೆಟ್ಟಿಗೆಯೊಳಗೆ ಏನು ನಡೆಯುತ್ತದೆ ಎಂದು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಇದು ಗೊತ್ತಿಲ್ಲದಿದ್ದರೆ ತೊಮಿತ ಮಾಡಿದ್ದು ಎಂಥ ಕೆಲಸವೆಂದು ತಿಳಿಯುವುದಿಲ್ಲ.

ಒಂದೇ ಶ್ರುತಿಯಲ್ಲಿ ಕೊಳಲು ಮತ್ತು ಪಿಟೀಲು ‘ಪ’ ನುಡಿಸಿದರೂ ಯಾವುದು ಯಾವುದೆಂದು ಕಣ್ಣುಮುಚ್ಚಿ ಹೇಳುತ್ತೇವೆ. ಸ್ವರ ಒಂದೇ, ಬಣ್ಣ ಬೇರೆ. ಯಾವುದೇ ವಾದ್ಯ ಸೆಕೆಂಡಿಗೆ 440 ಕಂಪನಗಳ ಸ್ವರ ಹೊರಡಿಸಿದಾಗ ಅದರ ಜೊತೆಗೇ 880, 1320, 1760 ಹೀಗೆ ಮೇಲುಮೇಲಿನ ಉಪಸ್ವರಗಳೂ ಹೊರಡುತ್ತವೆ. ಯಾವ ಉಪಸ್ವರ ಎಷ್ಟು ಜೋರು ಎಂಬ ಹದವೇ ನಾದದ ಬಣ್ಣ. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ನೂಲಿನ ಎಳೆಯನ್ನು ಕೂದಲೆಳೆಯಷ್ಟು ಸರಿಸಿ ಜೀವ ಹಿಡಿಸುವುದನ್ನು ನೋಡಿದ್ದೀರಲ್ಲ, ಆಗ ಶ್ರುತಿ ಬದಲಾಗುವುದಿಲ್ಲ, ಉಪಸ್ವರಗಳು ಎಚ್ಚರಗೊಳ್ಳುತ್ತವೆ.

ಮೋಗ್ ಸಿಂಥಸೈಜರ್‌ನಲ್ಲಿ ಮೊದಲು ಬರುವುದು ಆಸಿಲೇಟರ್. ವಿದ್ಯುತ್ ಒತ್ತಡವನ್ನು ಏರಿಸಿ ಇಳಿಸಿ ಕಂಪನ ಹುಟ್ಟಿಸುವ ಭಾಗ ಅದು. ಏರಿಳಿತದ ಆಕಾರ ಗರಗಸದ ಹಲ್ಲಿನಂತಿದ್ದರೆ ಎಲ್ಲ ಉಪಸ್ವರಗಳೂ ಇರುತ್ತವೆ, ಚೌಕವಾಗಿದ್ದರೆ ಬೆಸ ಸಂಖ್ಯೆಯವು ಮಾತ್ರ. ಗರಗಸದ ಅಲೆಯನ್ನು ಹಾಗೇ ಕೇಳಿದರೆ ದೊಡ್ಡ ಜೀರುಂಡೆ ಕಿವಿಯೊಳಗೆ ಹೊಕ್ಕಂತೆ. ಅದನ್ನು ಪಳಗಿಸಲು ಫಿಲ್ಟರ್. ಓಣಿಯಾಚೆ ಮದುವೆ ಮನೆಯ ಸ್ಪೀಕರ್ ಮೊಳಗುತ್ತಿರುವಾಗ ನೀವು ಕಿಟಕಿ ಮುಚ್ಚಿದರೆ ಚೂಪು ಸದ್ದೆಲ್ಲ ಸತ್ತು ಗುಮ್ ಗುಮ್ ಮಾತ್ರ ಒಳಗೆ ಬರುತ್ತದೆ. ಫಿಲ್ಟರ್ ಅಂಥ ಕಿಟಕಿ, ಎಷ್ಟು ತೆರೆಯಬೇಕು, ಎಷ್ಟು ಬೇಗ ಮುಚ್ಚಬೇಕು ಎಂಬುದು ಗುಂಡಿ ತಿರುಗಿಸುವವನ ಕೈಯಲ್ಲಿ. ಕೊನೆಗೆ ಎನ್ವಲಪ್, ಅಂದರೆ ಸದ್ದಿನ ಹುಟ್ಟುಸಾವಿನ ಲೆಕ್ಕ. ಗಂಟೆಗೆ ಪೆಟ್ಟು ಬಿದ್ದ ಗಳಿಗೆಯಲ್ಲೇ ಸದ್ದು ತುತ್ತತುದಿಗೆ ಏರಿ ನಿಧಾನ ಕರಗುತ್ತದೆ. ಕೊಳಲಿನದು ಮೆಲ್ಲನೆ ಎದ್ದು ಉಸಿರಿರುವಷ್ಟು ಹೊತ್ತು ನಿಲ್ಲುತ್ತದೆ. ಏರುವುದಕ್ಕೆ, ತುಸು ಇಳಿಯುವುದಕ್ಕೆ, ನಿಲ್ಲುವುದಕ್ಕೆ, ಆರುವುದಕ್ಕೆ ಒಂದೊಂದು ಗುಂಡಿ. ಅದೇ ಅಲೆಗೆ ಒಂದು ಎನ್ವಲಪ್ ಹಾಕಿದರೆ ಗಂಟೆ, ಇನ್ನೊಂದು ಹಾಕಿದರೆ ಕೊಳಲು.

ಇವಿಷ್ಟನ್ನೂ ವಯರು ಸಿಕ್ಕಿಸಿ ಜೋಡಿಸಬೇಕು. ಒಂದು ವೋಲ್ಟ್ ಹೆಚ್ಚಿಸಿದರೆ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ ಎಂಬುದು ಮೋಗ್‌ನ ಲೆಕ್ಕ. ಒಂದು ಸ್ಥಾಯಿಯಲ್ಲಿ ಹನ್ನೆರಡು ಮನೆಗಳು, ಅಂದಮೇಲೆ ಪಕ್ಕದ ಸ್ವರಕ್ಕೆ ಅಂತರ ವೋಲ್ಟಿನ ಹನ್ನೆರಡನೇ ಒಂದು ಪಾಲು. ಕೋಣೆ ತುಸು ಬೆಚ್ಚಗಾದರೂ ಶ್ರುತಿ ಜಾರುತ್ತಿತ್ತು. ನೆನಪಿನ ಶಕ್ತಿ ಆ ಯಂತ್ರಕ್ಕೆ ಇರಲಿಲ್ಲ: ಮೂರು ದಿನ ಕಷ್ಟಪಟ್ಟು ಹಿಡಿದ ಬಣ್ಣ, ವಯರು ಕಿತ್ತರೆ ಮುಗಿಯಿತು. ಎಲ್ಲಕ್ಕಿಂತ ದೊಡ್ಡ ತೊಡಕು, ಅದು ಒಂದು ಸಲಕ್ಕೆ ನುಡಿಸುತ್ತಿದ್ದದ್ದು ಒಂದೇ ಸ್ವರ. ಎರಡು ಕೀಲಿ ಒಟ್ಟಿಗೆ ಒತ್ತಿದರೆ ಕೇಳುವುದು ಒಂದೇ. ಹಾರ್ಮೋನಿಯಂನಲ್ಲಿ ಮಗುವೂ ಮಾಡುವ ಕೆಲಸ ಕೋಟಿ ಯೆನ್ನಿನ ಪೆಟ್ಟಿಗೆಗೆ ಬಾರದು.

ಹಾಗಾದರೆ ಆರು ಸ್ವರ ಒಟ್ಟಿಗೆ ಮೊಳಗುವ ಪಿಯಾನೊ ಕೃತಿಯನ್ನು ಅದರಲ್ಲಿ ಹೇಗೆ ನುಡಿಸುವುದು? ಆರು ಸಲ ನುಡಿಸಿ. ಹದಿನಾರು ಟ್ರ್ಯಾಕ್‌ಗಳ ಟೇಪಿನಲ್ಲಿ ಮೊದಲ ಎಳೆ ಒಂದರಲ್ಲಿ, ಅದನ್ನು ಕೇಳುತ್ತ ಎರಡನೆಯದು ಇನ್ನೊಂದರಲ್ಲಿ. ಟ್ರ್ಯಾಕ್ ತುಂಬಿದಾಗ ಕೆಲವನ್ನು ಬೆರೆಸಿ ಎರಡಕ್ಕೆ ಇಳಿಸಿ, ಖಾಲಿಯಾದ ಜಾಗದಲ್ಲಿ ಮತ್ತೆ ಶುರು. ಹೀಗೆ ಬೆರೆಸಿದಾಗಲೆಲ್ಲ ಟೇಪಿನ ಸುಯ್ ಸದ್ದೂ ಒಂದು ಪದರ ಏರುತ್ತದೆ. ಬೆರೆಸಿದ ಮೇಲೆ ಒಳಗಿನ ಒಂದು ಸ್ವರ ತಪ್ಪೆನಿಸಿದರೆ ಅದನ್ನು ಮಾತ್ರ ತೆಗೆಯಲಾಗದು. ಸೀರೆ ನೇಯುವವರಿಗೆ ಈ ಕೆಲಸದ ಸ್ವಭಾವ ಗೊತ್ತಿರುತ್ತದೆ.

ಒಂದು ವರ್ಷಕ್ಕೂ ಹೆಚ್ಚು ಕಾಲ ಮನೆಯ ಸ್ಟುಡಿಯೊದಲ್ಲಿ ಹೀಗೆ ನೇಯ್ದ ಮೇಲೆ ಹುಟ್ಟಿದ್ದು 1974ರ ‘ಸ್ನೋಫ್ಲೇಕ್ಸ್ ಆರ್ ಡ್ಯಾನ್ಸಿಂಗ್’. ಎಲ್ಲವೂ ಕ್ಲೋಡ್ ಡೆಬ್ಯುಸಿಯ ಕೃತಿಗಳು. ಇಲ್ಲಿಯೇ ಕಾರ್ಲೋಸ್ ಮತ್ತು ತೊಮಿತರ ದಾರಿ ಬೇರೆಯಾಗುವುದು. ಬಾಖ್‌ನ ಸಂಗೀತ ಎಳೆಗಳ ಸಂಗೀತ. ಮೂರು ನಾಲ್ಕು ಧಾಟಿಗಳು ಹೆಣೆದುಕೊಂಡು ಓಡುತ್ತವೆ, ಯಾವ ವಾದ್ಯದಲ್ಲಿ ನುಡಿಸಿದರೂ ಕಟ್ಟಡ ನಿಲ್ಲುತ್ತದೆ. ಒಂದು ಸಲಕ್ಕೆ ಒಂದೇ ಸ್ವರ ನುಡಿಸುವ ಯಂತ್ರಕ್ಕೆ ಅದು ಸಹಜ ಜೊತೆ. ಡೆಬ್ಯುಸಿ ಹಾಗಲ್ಲ. ಅವನ ಸ್ವರಗುಚ್ಛಗಳು ಮಂಜಿನಂತೆ ತೇಲುತ್ತವೆ, ಅಲ್ಲಿ ಸ್ವರಕ್ಕಿಂತ ಸ್ವರದ ಬೆಳಕು ಮುಖ್ಯ. ಆ ಪೆಟ್ಟಿಗೆಗೆ ಅದಕ್ಕಿಂತ ಒಗ್ಗದ ಸಂಗೀತ ಸಿಗುವುದು ಕಷ್ಟ. ಕಲೆಯ ಇತಿಹಾಸ ಓದಿದ್ದ ತೊಮಿತ ಅದನ್ನೇ ಆರಿಸಿಕೊಂಡ. ಪಿಯಾನೊದ ಕಪ್ಪುಬಿಳುಪಿನಲ್ಲಿ ಡೆಬ್ಯುಸಿ ಸೂಚಿಸಿ ಬಿಟ್ಟಿದ್ದ ಬಣ್ಣಗಳನ್ನು ತುಂಬುವ ಚಿತ್ರಕಾರನಂತೆ ಕೂತ.

‘ಮುಳುಗಿದ ಗುಡಿ’ ಎಂಬ ಕೃತಿಯನ್ನೇ ತೆಗೆದುಕೊಳ್ಳಿ. ಕಡಲಲ್ಲಿ ಮುಳುಗಿದ ಇಗರ್ಜಿಯೊಂದು ಬೆಳಗಿನ ಮಂಜಿನಲ್ಲಿ ನೀರಿನಿಂದ ಮೇಲೆದ್ದು, ಗಂಟೆ ಮೊಳಗಿಸಿ, ಮತ್ತೆ ಮುಳುಗುವ ದಂತಕಥೆ ಅದರ ಹಿಂದಿದೆ. ಪಿಯಾನೊ ಅದನ್ನು ಮೆಲು, ಜೋರು ಎಂದು ಹೇಳಬಲ್ಲದು. ಸಿಂಥಸೈಜರ್‌ನಲ್ಲಿ ಗುಡಿ ನಿಜಕ್ಕೂ ನೀರೊಳಗಿಂದ ಬರುತ್ತದೆ: ಮೇಲಿನ ಉಪಸ್ವರಗಳೆಲ್ಲ ಮುಚ್ಚಿಹೋದ ಮಬ್ಬು ಸದ್ದು ಹಂತ ಹಂತವಾಗಿ ತೆರೆದುಕೊಳ್ಳುತ್ತ ಬೆಳಗುತ್ತದೆ. ಮನುಷ್ಯರ ಕೋರಸ್‌ನಂತೆ ಕೇಳುವ ಕಡೆ ಆತ ಮೆಲೊಟ್ರಾನ್ ಎಂಬ ಇನ್ನೊಂದು ವಾದ್ಯವನ್ನೂ ಸೇರಿಸಿದ. ಅದರ ಪ್ರತಿ ಕೀಲಿಯ ಹಿಂದೆ ನಿಜವಾದ ದನಿ ಮುದ್ರಿಸಿದ ಟೇಪಿನ ತುಂಡೊಂದು ಓಡುತ್ತದೆ. ‘ಗಾಲಿವಾಗ್ಸ್ ಕೇಕ್‌ವಾಕ್’ನಲ್ಲಿ ಯಾರೋ ಶಿಳ್ಳೆ ಹಾಕುತ್ತ, ಪಾಪಿಪು ಎಂದು ತೊದಲುತ್ತ ಬರುವಂಥ ಸದ್ದುಗಳಿವೆ, ಎಲ್ಲ ವಯರುಗಳ ಕೈಚಳಕ. ನನಗೆ ಈ ತಮಾಷೆ ಎರಡನೇ ಸಲಕ್ಕೆ ಸಾಕೆನಿಸುತ್ತದೆ, ಮೊದಲ ಸಲ ಮಾತ್ರ ನಗು ಬಂದೇ ಬರುತ್ತದೆ.

ಟೇಪು ಹಿಡಿದು ಹೋದರೆ ಜಪಾನಿನ ಧ್ವನಿಮುದ್ರಿಕೆ ಕಂಪನಿಗಳು ಒಲ್ಲೆ ಎಂದವು. ಸಂಗೀತ ಕೆಟ್ಟದ್ದೆಂದಲ್ಲ, ಅಂಗಡಿಯಲ್ಲಿ ಇದನ್ನು ಯಾವ ಕಪಾಟಿನಲ್ಲಿ ಇಡುವುದು ಎಂಬುದೇ ಅವರ ಚಿಂತೆ. ಶಾಸ್ತ್ರೀಯವೆಂದರೆ ಯಂತ್ರ, ಜನಪ್ರಿಯವೆಂದರೆ ಡೆಬ್ಯುಸಿ. ತೊಮಿತ ನ್ಯೂಯಾರ್ಕ್‌ಗೆ ಹೋಗಿ ಆರ್‌ಸಿಎ ಕಂಪನಿಯ ಪೀಟರ್ ಮನ್ವೆಸ್‌ಗೆ ಕೇಳಿಸಿದ. ಆರ್‌ಸಿಎ ಅದನ್ನು ತನ್ನ ಶಾಸ್ತ್ರೀಯ ವಿಭಾಗ ‘ರೆಡ್ ಸೀಲ್’ನಲ್ಲೇ ಹೊರತಂದಿತು. ಗ್ರ್ಯಾಮಿ ಪ್ರಶಸ್ತಿಗೆ ಹೆಸರು ಹೋಯಿತು. ಮರುವರ್ಷದ ‘ಪಿಕ್ಚರ್ಸ್ ಅಟ್ ಆ್ಯನ್ ಎಕ್ಸಿಬಿಷನ್’ ಅಮೆರಿಕದ ಬಿಲ್‌ಬೋರ್ಡ್ ಶಾಸ್ತ್ರೀಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಡೆಬ್ಯುಸಿ ಮುದ್ರಿಕೆಯಲ್ಲಿನ ‘ಅರಬೆಸ್ಕ್’ ಎಂಬ ಕೃತಿಯೊಂದು ಅಮೆರಿಕದ ಟಿ.ವಿ.ಯಲ್ಲಿ ಜ್ಯಾಕ್ ಹಾರ್ಕ್‌ಹೈಮರ್ ನಡೆಸುತ್ತಿದ್ದ ನಕ್ಷತ್ರ ವೀಕ್ಷಣೆಯ ಕಾರ್ಯಕ್ರಮಕ್ಕೆ ಶೀರ್ಷಿಕೆ ಸಂಗೀತವಾಗಿ ವರ್ಷಗಟ್ಟಲೆ ಮೊಳಗಿತು. ಅಪೊಕ್ಯಾಲಿಪ್ಸ್ ನೌ ಚಿತ್ರಕ್ಕೆ ಸಂಗೀತ ಮಾಡಿಸಲು ಅದರ ನಿರ್ದೇಶಕ ಕೊಪ್ಪೊಲಾ ಮೊದಲು ನೆನೆದದ್ದೂ ತೊಮಿತನನ್ನೇ, ಕರಾರಿನ ತೊಡಕಿನಿಂದ ಅದು ಕೂಡಿಬರಲಿಲ್ಲ.

1976ರ ‘ದಿ ಪ್ಲಾನೆಟ್ಸ್’ ಜಗಳ ತಂದಿತು. ಗುಸ್ಟಾವ್ ಹೋಲ್ಸ್ಟ್ ಗ್ರಹಗಳ ಮೇಲೆ ಬರೆದ ಪ್ರಸಿದ್ಧ ಕೃತಿಗೆ ತೊಮಿತ ರಾಕೆಟ್ ಹಾರುವ ಸದ್ದು, ನಿಯಂತ್ರಣ ಕೊಠಡಿಯ ಮಾತುಕತೆಯಂತೆ ಕೇಳುವ ಗೊಣಗು, ಸಂಗೀತದ ಪೆಟ್ಟಿಗೆಯಲ್ಲಿ ಗುರುಗ್ರಹದ ಧಾಟಿ ಎಲ್ಲ ಸೇರಿಸಿದ್ದ. ಬ್ರಿಟನ್ನಿನಲ್ಲಿ ಕೃತಿಯ ಹಕ್ಕು ಇನ್ನೂ ಹೋಲ್ಸ್ಟ್ ಕುಟುಂಬದ ಕೈಯಲ್ಲಿತ್ತು. ಅವರು ಆಕ್ಷೇಪಿಸಿದರು. ಎರಡು ಕಡೆಗೂ ನ್ಯಾಯವಿದೆ. ಆದರೆ ‘ಕೃತಿ ಬೇರೆಯವರದ್ದು, ಈತನದ್ದೇನು?’ ಎಂದು ಕೇಳುವವರಿಗೆ ಉತ್ತರವೂ ಆ ಮುದ್ರಿಕೆಯಲ್ಲೇ ಇದೆ. ದೀಕ್ಷಿತರ ಕೃತಿ ಹಾಡುವವನನ್ನು ‘ಬರೆದದ್ದು ನೀನಲ್ಲವಲ್ಲ’ ಎಂದು ಯಾರೂ ಹೀಗಳೆಯುವುದಿಲ್ಲ. ಇಲ್ಲಿ ತೊಮಿತ ಹಾಡುವವನಷ್ಟೇ ಅಲ್ಲ, ಒಂದೊಂದು ಸ್ವರಕ್ಕೂ ಹೊಸ ಗಂಟಲು ಕಟ್ಟಿಕೊಟ್ಟವನು.

ಆತನ ಸ್ಟುಡಿಯೊದಲ್ಲಿ ವಯರು ಸಿಕ್ಕಿಸುತ್ತ ಕೆಲಸ ಕಲಿತ ಸಹಾಯಕ ಹಿದೇಕಿ ಮತ್ಸುತಾಕೆ ಮುಂದೆ 1978ರಲ್ಲಿ ಹುಟ್ಟಿದ ಯೆಲ್ಲೊ ಮ್ಯಾಜಿಕ್ ಆರ್ಕೆಸ್ಟ್ರಾ ಎಂಬ ಪಾಪ್ ತಂಡಕ್ಕೆ ಸಿಂಥಸೈಜರ್ ಸಜ್ಜುಗೊಳಿಸುವವನಾದ. ಅವನನ್ನು ಆ ಮೂವರ ತಂಡದ ನಾಲ್ಕನೆಯವನೆಂದೇ ಕರೆಯುತ್ತಾರೆ. ಜಪಾನಿನ ಪಾಪ್ ಸಂಗೀತಕ್ಕೆ ತೊಮಿತನ ಮನೆಯಿಂದ ಹೋದ ದಾರಿ ಅದು.

ಬೀಜಿಂಗ್‌ನ ಗೋಡೆ ಇಷ್ಟು ಹೊತ್ತು ಸುಮ್ಮನಿರಲಿಲ್ಲ. ಎಡ ಬಲ ಎಂಬ ಎರಡೇ ಸ್ಪೀಕರ್ ತೊಮಿತನಿಗೆ ಯಾವತ್ತೂ ಸಾಲಲಿಲ್ಲ. ಕೇಳುವವನ ನಾಲ್ಕು ಮೂಲೆಗೆ ನಾಲ್ಕು ಸ್ಪೀಕರ್ ಇಟ್ಟು ಕೇಳಬೇಕೆಂದು ತನ್ನ ಮುದ್ರಿಕೆಗಳನ್ನು ನಾಲ್ಕು ದಾರಿಯಲ್ಲಿ ಬೆರೆಸಿದ. ಎಪ್ಪತ್ತರ ದಶಕದ ಗ್ರಾಹಕರಿಗೆ ನಾಲ್ಕು ಸ್ಪೀಕರ್ ದುಬಾರಿ ಎನಿಸಿ ಆ ತಂತ್ರ ಮಾರುಕಟ್ಟೆಯಲ್ಲಿ ಸೋತಿತು. ಅವನು ಸೋಲಲಿಲ್ಲ. ತಲೆಯ ಮೇಲೊಂದು ಐದನೆಯ ಸ್ಪೀಕರ್ ಬೇಕು, ಐದೂ ಸೇರಿ ಪಿರಮಿಡ್ ಆಗಬೇಕು ಎಂದ. 1984ರಲ್ಲಿ ಆಸ್ಟ್ರಿಯಾದ ಲಿನ್ಸ್ ನಗರದ ಆರ್ಸ್ ಎಲೆಕ್ಟ್ರಾನಿಕಾ ಉತ್ಸವದಲ್ಲಿ ಈ ಕನಸು ಊರಿನಷ್ಟು ದೊಡ್ಡದಾಯಿತು. ಡ್ಯಾನ್ಯೂಬ್ ನದಿಯ ಎರಡು ದಂಡೆಯಲ್ಲೂ ಸ್ಪೀಕರ್, ನದಿಯ ಮೇಲೆ ಹಡಗಿನಲ್ಲಿ ಸ್ಪೀಕರ್, ಆಕಾಶದಲ್ಲಿ ಹೆಲಿಕಾಪ್ಟರ್‌ನಿಂದಲೂ ಸದ್ದು. ನಡುವೆ ಕ್ರೇನ್‌ನಿಂದ ತೂಗುಬಿಟ್ಟ ಪಾರದರ್ಶಕ ಪಿರಮಿಡ್ಡಿನೊಳಗೆ ತೊಮಿತ. ಕೇಳಲು ಸೇರಿದವರು ಸುಮಾರು 80,000. 1986ರಲ್ಲಿ ಸ್ವಾತಂತ್ರ್ಯ ಪ್ರತಿಮೆಯ ನೂರನೇ ವರ್ಷಕ್ಕೆ ನ್ಯೂಯಾರ್ಕ್‌ನ ಹಡ್ಸನ್ ನದಿಯಲ್ಲಿ ಮತ್ತೆ ಅಂಥದೇ ಒಂದು. ಸ್ಟೇಡಿಯಂ ಸಿಕ್ಕುತ್ತಿದ್ದರೂ ನದಿಯನ್ನೇ ಹಿಡಿದದ್ದು ಯಾಕೆಂದು ಊಹಿಸಬಹುದು: ನದಿಗೆ ಗೋಡೆಯಿಲ್ಲ, ಸದ್ದನ್ನು ಎಲ್ಲಿ ನಿಲ್ಲಿಸಬೇಕೆಂಬುದು ಪೂರ್ತಿ ಅವನ ಲೆಕ್ಕ.

ತೊಂಬತ್ತರ ನಂತರ ಆತ ಮೆಲ್ಲಗೆ ವಾದ್ಯವೃಂದಕ್ಕೇ ಮರಳಿದ. ಜಪಾನಿನ ಪ್ರಾಚೀನ ಕಾದಂಬರಿ ‘ಗೆಂಜಿಯ ಕಥೆ’ಯ ಮೇಲೊಂದು ದೊಡ್ಡ ಕೃತಿ, ಯೋಜಿ ಯಮಾದಾ ನಿರ್ದೇಶನದ ಚಿತ್ರಗಳಿಗೆ ಸಂಗೀತ. 2002ರ ‘ತಸೊಗಾರೆ ಸೇಬೆಯ್’ಗೆ ಜಪಾನಿನ ಅಕಾಡೆಮಿ ಪ್ರಶಸ್ತಿ ಬಂತು. ಎಂಬತ್ತನೇ ವಯಸ್ಸಿಗೆ, 2012ರ ನವೆಂಬರ್‌ನಲ್ಲಿ, ಕವಿ, ಕಥೆಗಾರ ಕೆಂಜಿ ಮಿಯಾಜಾವಾ ಅವರ ಬರಹಗಳನ್ನು ಆಧರಿಸಿದ ‘ಇಹಾತೊವ್ ಸಿಂಫನಿ’ ಟೋಕಿಯೊದಲ್ಲಿ ಮೊದಲ ಸಲ ನುಡಿಯಿತು. ಪೂರ್ತಿ ವಾದ್ಯವೃಂದ, ಕೋರಸ್, ಮತ್ತು ಮುಖ್ಯ ಗಾಯಕಿ ಹತ್ಸುನೆ ಮಿಕು. ಮಿಕು ಮನುಷ್ಯಳಲ್ಲ, ಕಂಪ್ಯೂಟರ್ ಹಾಡಿಸುವ ದನಿ, ಪರದೆಯ ಮೇಲಿನ ನೀಲಿ ಜಡೆಯ ಹುಡುಗಿ.

ಸಾಮಾನ್ಯವಾಗಿ ಇಂಥ ಕಡೆ ಯಂತ್ರ ತನ್ನ ಗಡಿಯಾರದಂತೆ ಓಡುತ್ತದೆ, ವಾದಕರು ಕಿವಿಗೆ ಟಿಕ್ ಟಿಕ್ ಹಾಕಿಕೊಂಡು ಅದರ ಹಿಂದೆ ಓಡುತ್ತಾರೆ. ತೊಮಿತ ಒಪ್ಪಲಿಲ್ಲ. ವಾದ್ಯವೃಂದದ ನಿರ್ದೇಶಕನ ಕೈ ನಿಧಾನವಾದರೆ ಮಿಕು ನಿಧಾನವಾಗಬೇಕು, ಅವನು ಉಸಿರು ಹಿಡಿದು ನಿಂತರೆ ಅವಳೂ ಕಾಯಬೇಕು ಎಂದ. ಅದಕ್ಕೆಂದೇ ಹೊಸ ವ್ಯವಸ್ಥೆ ಕಟ್ಟಬೇಕಾಯಿತು: ನಿರ್ದೇಶಕನ ಕೈಯನ್ನು ನೋಡುತ್ತ ಒಬ್ಬರು ಕೀಲಿಮಣೆ ಒತ್ತುವುದು, ಆ ಒತ್ತಿಗೆ ಸರಿಯಾಗಿ ಮಿಕು ಹಾಡಿ ಕುಣಿಯುವುದು.

ಅಲ್ಲಿಗೂ ನಿಲ್ಲಲಿಲ್ಲ. ಜಪಾನಿನ ರಾಕೆಟ್ ವಿಜ್ಞಾನದ ಪಿತಾಮಹ ಹಿದೇಒ ಇತೊಕಾವಾ ಆತನಿಗೆ ಪರಿಚಿತರು. ಅರವತ್ತು ದಾಟಿದ ಮೇಲೆ ಬ್ಯಾಲೆ ಕಲಿಯಲು ಹೊರಟ ವಿಜ್ಞಾನಿ ಅವರು, ಬೆಳಕಿನ ಬೊಂಬೆಯೊಂದಿಗೆ ಕುಣಿಯಬೇಕೆಂಬುದು ಅವರ ಆಸೆಯಾಗಿತ್ತು. ಅವರ ಹೆಸರಿಟ್ಟ ಕ್ಷುದ್ರಗ್ರಹದಿಂದ ಹಯಬುಸಾ ನೌಕೆ 2010ರಲ್ಲಿ ದೂಳು ಹೊತ್ತು ಭೂಮಿಗೆ ಮರಳಿತ್ತು. ಇದೆಲ್ಲ ಸೇರಿ ‘ಡಾಕ್ಟರ್ ಕೊಪ್ಪೇಲಿಯಸ್’ ಎಂಬ ಕೃತಿಯಾಗತೊಡಗಿತು: ವೇದಿಕೆಯ ಮೇಲೆ ನಿಜವಾದ ನರ್ತಕ, ಅವನ ಜೊತೆ ಮಿಕು, ಸುತ್ತ ವಾದ್ಯವೃಂದ, ಸಿಂಥಸೈಜರ್. ಅದರ ಕೆಲಸದಲ್ಲಿರುವಾಗಲೇ 2016ರ ಮೇ 5ರಂದು ತೊಮಿತ ತೀರಿಕೊಂಡ, ಎಂಬತ್ತನಾಲ್ಕನೇ ವಯಸ್ಸಿನಲ್ಲಿ.

ಉಳಿದ ಟಿಪ್ಪಣಿಗಳನ್ನು ಹಿಡಿದು ಜೊತೆಗಾರರು ಕೃತಿಯನ್ನು ಅದೇ ವರ್ಷ ನವೆಂಬರ್‌ನಲ್ಲಿ ಟೋಕಿಯೊದ ಆರ್ಚರ್ಡ್ ಹಾಲ್‌ನಲ್ಲಿ ವೇದಿಕೆಗೆ ತಂದರು. ಅದರ ಭಾಗಗಳಿಗೆ ಕೊಟ್ಟಿರುವ ಸಂಖ್ಯೆಗಳು ಹೀಗಿವೆ: 0, ಆಮೇಲೆ 3, 4, 5, 6, 7. ಒಂದು ಮತ್ತು ಎರಡನ್ನು ತೊಮಿತ ಬರೆದಿರಲಿಲ್ಲ. ಉಳಿದವನ್ನು ಎಳೆದು ಸಂಖ್ಯೆ ಸರಿಮಾಡುವ ಗೋಜಿಗೆ ಯಾರೂ ಹೋಗಲಿಲ್ಲ.